ಕೇಳಿ, ಓದಿ: ಮೊದಲ ಚೂರಿಯನ್ನು ಕೈಯಲ್ಲೇ ಮಾಡುವುದು ಹೇಗೆ?

(ಈ ವಾರದ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತು ಒಂದು ಸದ್ದಿನಿಂದ ಶುರು ಮಾಡ್ತೇನೆ. "ಟಿಣ್." ಅಷ್ಟೇ. ಕೆಂಪಗೆ ಕಾದ ಒಂದು ಅಲಗನ್ನು ಬಕೆಟ್ ನೀರಿಗೆ ಅದ್ದಿದಾಗ ಬಂದ ಸದ್ದು ಅದು. ಮೂರು ಭಾನುವಾರ ಜಗಲಿಯಲ್ಲಿ ಕೂತು ಅರ ಉಜ್ಜಿ ಮಾಡಿದ ನನ್ನ ಮೊದಲ ಚೂರಿ ಆ ಒಂದು ಸದ್ದಿನಲ್ಲಿ ಮುಗಿದು ಹೋಯಿತು. ಹೊರಗೆ ತೆಗೆದು ನೋಡಿದರೆ ಅಂಚಿನಿಂದ ಬೆನ್ನಿನವರೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು.

ಯಾಕೆ ಹಾಗಾಯಿತು, ನಿಮಗೆ ಹಾಗಾಗದ ಹಾಗೆ ಹೇಗೆ ಮಾಡಬಹುದು ಅನ್ನುವುದೇ ಇವತ್ತಿನ ವಿಷಯ.

ಅಜ್ಜಿಯ ಬಿಸತ್ತಿ

ನಮ್ಮ ಕಡೆ ಕತ್ತಿ ಅಂದರೆ ತೆಂಗಿನಕಾಯಿ, ಸೌದೆ ಕಡಿಯುವಂಥದ್ದು. ಮೀನು ಕೊಯ್ಯುವುದಕ್ಕೆ ಮೆಟ್ಟುಕತ್ತಿ ಉಂಟು. ತರಕಾರಿಗೆ ಕೈಯಲ್ಲಿ ಹಿಡಿಯುವ ಸಣ್ಣ ಚೂರಿಗೆ ತುಳುವಿನಲ್ಲಿ ಬಿಸತ್ತಿ ಅಂತಾರೆ. ಕಾಪುವಿನಲ್ಲಿ ನನ್ನ ಅಜ್ಜಿಯ ಹತ್ತಿರ ಅಂಥದ್ದೊಂದು ಉಂಟು. ಕಾರ್ಕಳ ಕಡೆಯ ಒಬ್ಬರು ಆಚಾರ್ರು ಮಾಡಿಕೊಟ್ಟದ್ದು. ಮಸೆದೂ ಮಸೆದೂ ಅದರ ಅಲಗು ಈಗ ಕಿರುಬೆರಳಿನಷ್ಟು ಅಗಲ ಉಳಿದಿದೆ. ಪೇಟೆಯಿಂದ ತಂದುಕೊಟ್ಟ ಸ್ಟೀಲಿನ ಚೂರಿಗಳೆಲ್ಲ ಡ್ರಾಯರಿನಲ್ಲಿ ಮಲಗಿವೆ. "ಅದರಲ್ಲಿ ಬಾಯಿ ನಿಲ್ಲುವುದಿಲ್ಲ ಮಾರಾಯ" ಅನ್ನುವುದು ಅಜ್ಜಿಯ ಮಾತು.

ಅದನ್ನು ಮಾಡಿಕೊಟ್ಟವರು ಈಗ ಇಲ್ಲ. ಕುಲುಮೆ ನೋಡಿಕೊಳ್ತಿರುವುದು ಅವರ ಮಗ, ಅವರಿಗೂ ಎಪ್ಪತ್ತರ ಹತ್ತಿರ. ಅವರ ನಂತರ ಆ ತಿದಿಯ ಎದುರು ಕೂರುವವರು ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ, ಒಂದು ಬಿಸತ್ತಿಯನ್ನಾದರೂ ನಾನೇ ಮಾಡಿ ಕಲಿಯೋಣ ಅಂತ ಹೊರಟೆ.

ಯಾವ ಕಬ್ಬಿಣ?

ಮೊದಲ ತಪ್ಪು ಇಲ್ಲೇ ಆಗ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾದಾ ಪಟ್ಟಿ ತಂದು ಎಷ್ಟೇ ಚಂದ ಚೂರಿ ಮಾಡಿದರೂ ಅದು ಗಟ್ಟಿಯಾಗುವುದಿಲ್ಲ. ಕಾರಣ ಇಂಗಾಲ, ಅಂದರೆ ಕಾರ್ಬನ್. ಸಾದಾ ಪಟ್ಟಿಯಲ್ಲಿ ಅದು ಹೆಚ್ಚೆಂದರೆ ಶೇ. 0.2ರ ಆಸುಪಾಸು. ಚೂರಿಗೆ ಕನಿಷ್ಠ ಅರ್ಧ ಶೇಕಡಾದಿಂದ ಒಂದು ಶೇಕಡಾದವರೆಗೆ ಬೇಕು. ಲಾರಿ, ಜೀಪುಗಳ ಲೀಫ್ ಸ್ಪ್ರಿಂಗ್‌ನಲ್ಲಿ ಸುಮಾರು ಶೇ. 0.5ರಿಂದ 0.6ರಷ್ಟು ಇರ್ತದೆ. ಹಳೆಯ ಒಳ್ಳೆಯ ಅರಗಳಲ್ಲಿ ಒಂದು ಶೇಕಡಾಕ್ಕೂ ಜಾಸ್ತಿ.

ಗ್ರೈಂಡರ್ ಇರುವ ಗ್ಯಾರೇಜಿನಲ್ಲಿ ಕಿಡಿ ನೋಡಿ ಗುರುತಿಸಬಹುದು. ಸಾದಾ ಕಬ್ಬಿಣದ ಕಿಡಿ ಉದ್ದಕ್ಕೆ ಗೆರೆಯ ಹಾಗೆ ಹೋಗ್ತದೆ. ಇಂಗಾಲ ಜಾಸ್ತಿ ಇದ್ದರೆ ನಕ್ಷತ್ರಕಡ್ಡಿಯ ಹಾಗೆ ಒಡೆದು ಕವಲಾಗ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೊದಲ ಸಲಕ್ಕೆ ಬೇಡ, ಅದರ ಹದಕ್ಕೆ ಉಷ್ಣತೆ ಸರಿಯಾಗಿ ಹಿಡಿದಿಡುವ ಫರ್ನೇಸ್ ಬೇಕು. ಸತು ಲೇಪನ ಇರುವ ಕಬ್ಬಿಣವನ್ನಂತೂ ಬೆಂಕಿಗೆ ಹಾಕಲೇಬೇಡಿ, ಅದರ ಹೊಗೆ ವಿಷ.

ನಾನು ಹೈವೇ ಬದಿಯ ಗ್ಯಾರೇಜಿನಿಂದ ಒಂದು ತುಂಡು ಲೀಫ್ ಸ್ಪ್ರಿಂಗ್ ತಂದೆ. ತೊಂದರೆ ಏನು ಅಂದರೆ ಅದು ತುಂಬಾ ದಪ್ಪ, ಅರದಲ್ಲಿ ಉಜ್ಜಿದರೆ ಮಳೆಗಾಲ ಮುಗಿದೀತು. ಆಚಾರ್ರು ಅದನ್ನು ಗೆರಟೆ ಇದ್ದಿಲಿನ ಬೆಂಕಿಯಲ್ಲಿ ಕಾಯಿಸಿ, ಬಡಿದು, 3 ಮಿಲಿಮೀಟರ್ ದಪ್ಪದ ಎರಡು ಪಟ್ಟಿ ಮಾಡಿಕೊಟ್ಟರು. ಆಮೇಲೆ ಮತ್ತೆ ಕೆಂಪಗೆ ಕಾಯಿಸಿ ಒಣ ಬೂದಿಯೊಳಗೆ ಹೂತಿಟ್ಟರು. ಒಂದು ರಾತ್ರಿ ಹಾಗೇ ನಿಧಾನ ತಣಿದರೆ ಉಕ್ಕು ಮೆದುವಾಗ್ತದೆ, ಅರ ಕಚ್ಚುತ್ತದೆ. ಈ ಹೆಜ್ಜೆ ಬಿಟ್ಟರೆ ನಿಮ್ಮ ಹ್ಯಾಕ್ಸಾ ಬ್ಲೇಡಿನ ಹಲ್ಲೇ ಹೋಗ್ತದೆ.

ಹತ್ತಿರದಲ್ಲಿ ಕುಲುಮೆ ಇಲ್ಲದವರು 3 ಮಿಲಿಮೀಟರ್ ದಪ್ಪದ ಹೈ ಕಾರ್ಬನ್ ಪಟ್ಟಿಯನ್ನೇ ಕೇಳಿ ತಂದರೂ ಆಯಿತು.

ಹ್ಯಾಕ್ಸಾ, ಅರ, ತಾಳ್ಮೆ

ಬೇಕಾದ ಸಾಮಾನು ಸ್ವಲ್ಪವೇ: ಹ್ಯಾಕ್ಸಾ, ಒಂದು ದೊಡ್ಡ ಚಪ್ಪಟೆ ಅರ, ಒಂದು ಅರ್ಧದುಂಡು ಅರ, ಬೆಂಚ್ ವೈಸ್ ಅಥವಾ ಎರಡು ಸಿ ಕ್ಲ್ಯಾಂಪ್, ಡ್ರಿಲ್, ಸ್ಯಾಂಡ್ ಪೇಪರ್. ಜತೆಗೆ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕಾಲಿಗೆ ಶೂ. ಲುಂಗಿ ಎತ್ತಿಕಟ್ಟಿ ಹವಾಯಿ ಚಪ್ಪಲಿಯಲ್ಲಿ ನಿಲ್ಲಬೇಡಿ.

ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಕೈಯಲ್ಲಿ ಹಿಡಿದು ನೋಡಿ. ಅಲಗು 4 ಇಂಚು, ಹಿಡಿ ನಾಲ್ಕೂವರೆ ಇಂಚು ಇದ್ದರೆ ಸಾಕು. ಪಟ್ಟಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಹ್ಯಾಕ್ಸಾದಲ್ಲಿ ಕೊಯ್ಯಿರಿ. ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ಒತ್ತುವುದು ಮುಂದೆ ತಳ್ಳುವಾಗ ಮಾತ್ರ. ಅರಕ್ಕೂ ಅದೇ ನಿಯಮ: ತಳ್ಳುವಾಗ ಒತ್ತು, ವಾಪಸ್ ಬರುವಾಗ ಎತ್ತು. ಹಿಂದೆ ಮುಂದೆ ಗರಗರ ಉಜ್ಜಿದರೆ ಅರ ಬೇಗ ಮೊಂಡಾಗ್ತದೆ. ಅದು ನಾನು ಮಾಡಿದ ಇನ್ನೊಂದು ತಪ್ಪು.

ಹಿಡಿಯ ಭಾಗಕ್ಕೆ ಎರಡು ತೂತು ಈಗಲೇ ಕೊರೆಯಿರಿ. ಗಟ್ಟಿ ಮಾಡಿದ ಮೇಲೆ ಡ್ರಿಲ್ ಇಳಿಯುವುದಿಲ್ಲ. ಡ್ರಿಲ್ ಮಾಡುವಾಗ ಪಟ್ಟಿಯನ್ನು ಕ್ಲ್ಯಾಂಪಿನಲ್ಲಿ ಬಿಗಿಯಿರಿ, ಕೈಯಲ್ಲಿ ಹಿಡಿಯಬೇಡಿ. ಗ್ಲೌಸ್ ಕೂಡ ಬೇಡ, ತಿರುಗುವ ಬಿಟ್ ಬಟ್ಟೆಯನ್ನು ಎಳೆದುಕೊಂಡರೆ ಬೆರಳೂ ಜತೆಗೆ ಹೋಗ್ತದೆ.

ಇನ್ನು ಇಳಿಜಾರು. ಅಂಚಿನ ದಪ್ಪಕ್ಕೆ ಮಾರ್ಕರ್ ಬಳಿದು, ನಡುವೆ ಒಂದು ಮಿಲಿಮೀಟರ್ ಅಂತರ ಬಿಟ್ಟು ಎರಡು ಗೆರೆ ಎಳೆಯಿರಿ. ಎರಡೂ ಬದಿಯಿಂದ ಆ ಗೆರೆಯವರೆಗೆ ಮಾತ್ರ ಅರ ಹೊಡೆಯಿರಿ. ಈ ಹಂತದಲ್ಲಿ ಹರಿತ ಮಾಡಬಾರದು. ತೆಳುವಾದ ಅಂಚು ಬೆಂಕಿಯಲ್ಲಿ ಬೇಗ ಕಾದು, ಬೇಗ ತಣಿದು, ಸೊಟ್ಟಗಾಗ್ತದೆ ಅಥವಾ ಸೀಳ್ತದೆ. ಅಲಗು ಮತ್ತು ಹಿಡಿ ಸೇರುವ ಮೂಲೆಯನ್ನು ಅರ್ಧದುಂಡು ಅರದಲ್ಲಿ ಗುಂಡಗೆ ಮಾಡಿ. ಬಿರುಕು ಶುರುವಾಗುವುದು ಚೂಪು ಮೂಲೆಯಲ್ಲಿ, ಆಳವಾದ ಗೀರಿನಲ್ಲಿ. ಕೊನೆಗೆ 80, 120, 220 ನಂಬರಿನ ಪೇಪರಿನಲ್ಲಿ ಉದ್ದುದ್ದಕ್ಕೆ ಉಜ್ಜಿ ಗೀರು ತೆಗೆಯಿರಿ.

ಹದ ಅಂದರೆ ಎಂತ?

ಅಡುಗೆಗೆ ಹದ ಉಂಟು, ಗದ್ದೆಯ ಮಣ್ಣಿಗೆ ಹದ ಉಂಟು. ಉಕ್ಕಿಗೂ ಉಂಟು. ಅದರಲ್ಲಿ ಎರಡು ಕೆಲಸ ಸೇರಿದೆ: ಮೊದಲು ಗಟ್ಟಿ ಮಾಡುವುದು, ಆಮೇಲೆ ಆ ಗಟ್ಟಿತನವನ್ನು ಸ್ವಲ್ಪ ಇಳಿಸುವುದು.

ಒಂದು ಎಕ್ಸ್‌ಪ್ರೆಸ್ ಬಸ್ಸು ನೆನಪು ಮಾಡಿಕೊಳ್ಳಿ. ಸೀಟುಗಳು ಕಬ್ಬಿಣದ ಪರಮಾಣುಗಳು, ಪ್ರಯಾಣಿಕರು ಇಂಗಾಲ. ಉಕ್ಕು ಕೆಂಪಗೆ ಕಾದಾಗ ಸೀಟುಗಳ ಜೋಡಣೆಯೇ ಬದಲಾಗಿ ಜಾಗ ಜಾಸ್ತಿ ಆಗ್ತದೆ, ಪ್ರಯಾಣಿಕರು ಎಲ್ಲ ಕಡೆ ಹರಡಿಕೊಳ್ತಾರೆ. ನಿಧಾನ ತಣಿಸಿದರೆ ಅವರವರ ಸ್ಟಾಪಿನಲ್ಲಿ ಇಳಿದು ಹೋಗ್ತಾರೆ, ಬಸ್ಸು ಸಡಿಲ. ಅದೇ ಬೂದಿಯಲ್ಲಿ ಆದದ್ದು. ಏಕಾಏಕಿ ತಣಿಸಿದರೆ ಇಳಿಯಲು ಸಮಯವೇ ಇಲ್ಲ. ಸೀಟುಗಳು ಹತ್ತಿರ ಬಂದವು, ಜನ ನಡುವೆ ಸಿಕ್ಕಿಕೊಂಡರು, ಯಾರೂ ಅಲುಗಾಡುವ ಹಾಗಿಲ್ಲ. ಈ ಬಿಗಿಯಾದ ಸ್ಥಿತಿಗೆ ಮಾರ್ಟೆನ್ಸೈಟ್ ಅಂತಾರೆ. ತುಂಬಾ ಗಟ್ಟಿ, ಆದರೆ ಗಾಜಿನ ಹಾಗೆ ಒಡೆಯುವಂಥದ್ದು.

ಎಷ್ಟು ಕಾಯಿಸಬೇಕು? ಒಂದು ಅಯಸ್ಕಾಂತ ಸಾಕು. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟುವುದು ನಿಂತ ಮೇಲೆ ಇನ್ನೊಂಚೂರು ಬಣ್ಣ ಏರುವವರೆಗೆ ಕಾಯಿಸಿ. ಈ ಕೆಲಸ ಸಂಜೆಗತ್ತಲಲ್ಲಿ ಮಾಡಬೇಕು, ಬಿಸಿಲಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ.

ಆಮೇಲೆ ಎಣ್ಣೆ. ಲೋಹದ ಡಬ್ಬದಲ್ಲಿ ಎರಡು ಮೂರು ಲೀಟರ್ ಅಡುಗೆ ಎಣ್ಣೆ, ಮೊದಲೇ 50–60 ಡಿಗ್ರಿಗೆ ಬಿಸಿ ಮಾಡಿದ್ದು. ಉಗುರುಬೆಚ್ಚಗಿನ ಎಣ್ಣೆ ತೆಳುವಾಗಿ ಹರಿದು ಅಲಗನ್ನು ಸಮನಾಗಿ ತಣಿಸ್ತದೆ. ಹಳೆಯ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಅಲಗನ್ನು ತುದಿ ಕೆಳಗೆ ಮಾಡಿ ನೇರ ಇಳಿಸಿ, ಅಂಚು ಮತ್ತು ಬೆನ್ನಿನ ದಿಕ್ಕಿಗೆ ಮಾತ್ರ ಆಡಿಸಿ. ಅಡ್ಡಡ್ಡ ಆಡಿಸಿದರೆ ಬಾಗ್ತದೆ. ಎಣ್ಣೆಗೆ ಬೆಂಕಿ ಹತ್ತಬಹುದು. ಅದಕ್ಕೇ ಬಯಲಲ್ಲೇ ಮಾಡಿ, ಉದ್ದದ ಇಕ್ಕುಳ, ಡಬ್ಬಕ್ಕೆ ಮುಚ್ಚಳ, ಒಂದು ಬಕೆಟ್ ಒಣ ಮರಳು ಪಕ್ಕದಲ್ಲಿರಲಿ. ಉರಿಯುವ ಎಣ್ಣೆಗೆ ನೀರು ಹಾಕಲೇಬಾರದು. ಪಾಲಿಯೆಸ್ಟರ್ ಬಟ್ಟೆ ಬೇಡ, ಹತ್ತಿ ಹಾಕಿ. ಜತೆಗೆ ಒಬ್ಬರಾದರೂ ದೊಡ್ಡವರು ಇರಲಿ.

ಹಾಗಾದರೆ "ಟಿಣ್" ಯಾಕೆ?

ಆಚಾರ್ರು ದೊಡ್ಡ ಕತ್ತಿಗಳನ್ನು ನೀರಿಗೆ ಅದ್ದುವುದನ್ನು ನಾನು ಕಣ್ಣಾರೆ ನೋಡಿದ್ದೆ. ಅವರು ನೀರಲ್ಲಿ ಮಾಡ್ತಾರೆ, ನನಗ್ಯಾಕೆ ಎಣ್ಣೆ ಅಂತ ಮನೆಯಲ್ಲೇ ಇದ್ದಿಲು ಹಾಕಿ, ಹೇರ್ ಡ್ರೈಯರಿನಲ್ಲಿ ಗಾಳಿ ಕೊಟ್ಟು, ಇಡೀ ಅಲಗನ್ನು ನೀರಿಗೆ ಮುಳುಗಿಸಿದೆ.

ಒಡೆದದ್ದನ್ನು ತೆಗೆದುಕೊಂಡು ಹೋದಾಗ ಅವರು ಬೈಯಲಿಲ್ಲ. ಒಂದು ಕತ್ತಿ ಕಾಯಿಸಿ ತೋರಿಸಿದರು. ಆಗ ನೋಡಿದೆ, ಅವರು ಅದ್ದುವುದು ಬಾಯಿಯ ಭಾಗವನ್ನು ಮಾತ್ರ, ಅದೂ ಕೆಲವೇ ಕ್ಷಣ. ಬೆನ್ನು ಇನ್ನೂ ಬಿಸಿ ಇರ್ತದೆ. ಹೊರಗೆ ತೆಗೆದು ಅಂಚನ್ನು ಕಲ್ಲಿನಲ್ಲಿ ಉಜ್ಜಿ ಬೆಳ್ಳಗೆ ಮಾಡ್ತಾರೆ. ಬೆನ್ನಿನ ಬಿಸಿ ನಿಧಾನ ಅಂಚಿಗೆ ಹರಿಯುವಾಗ ಬಣ್ಣ ಬದಲಾಗ್ತದೆ: ಮೊದಲು ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಬೇಕಾದ ಬಣ್ಣ ಬಂದ ಕೂಡಲೇ ಪೂರ್ತಿ ತಣಿಸ್ತಾರೆ. ಗಟ್ಟಿ ಮಾಡುವುದು, ಇಳಿಸುವುದು ಎರಡೂ ಒಂದೇ ಕಾವಿನಲ್ಲಿ. ನಾನು ನೋಡಿದ್ದು ನೀರನ್ನು ಮಾತ್ರ, ಅವರ ಕಣ್ಣು ಎಲ್ಲಿತ್ತು ಅಂತ ನೋಡಿರಲಿಲ್ಲ.

"ಮೊದಲು ಎಣ್ಣೆಯಲ್ಲಿ ಕಲಿ. ನೀರು ಮತ್ತೆ" ಅಂದು ಎರಡನೇ ಪಟ್ಟಿಯನ್ನು ತೋರಿಸಿದರು. ಮತ್ತೆ ಮೂರು ಭಾನುವಾರ.

ಈ ಸಲ ಅವರ ಕುಲುಮೆಯಲ್ಲೇ ಕಾಯಿಸಿ ಎಣ್ಣೆಗೆ ಇಳಿಸಿದೆ. ಸದ್ದಿಲ್ಲ, ಬರೀ ಹೊಗೆ. ತಣಿದ ಮೇಲೆ ಅಂಚಿನ ಮೇಲೆ ಅರ ಎಳೆದರೆ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಗಟ್ಟಿಯಾಗಿದೆ ಅನ್ನುವುದಕ್ಕೆ ಅದೇ ಗುರುತು.

ಎರಡನೇ ಹಂತವನ್ನು ತಡ ಮಾಡಬಾರದು. ಎಣ್ಣೆ ತೊಳೆದು, ಕಪ್ಪು ಪದರ ಉಜ್ಜಿ ತೆಗೆದು, ಮನೆಯ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಒಂದೊಂದು ಗಂಟೆಯ ಹಾಗೆ ಎರಡು ಸಲ ಇಡಿ. ನಡುವೆ ಪೂರ್ತಿ ತಣಿಯಲು ಬಿಡಿ. ತೆಗೆದಾಗ ಅಲಗಿಗೆ ಬೈಹುಲ್ಲಿನ ಬಣ್ಣ ಬಂದಿರಬೇಕು. ನೀಲಿ ಬಂದರೆ ಬಿಸಿ ಜಾಸ್ತಿ ಆಯಿತು, ಮೆದುವಾಯಿತು ಅಂತ ಲೆಕ್ಕ. ಹಳೆಯ ಅರದಿಂದ ಮಾಡಿದ ಚೂರಿಯಾದರೆ 220–230 ಡಿಗ್ರಿ ಇರಲಿ.

ಊರಿನ ಉಕ್ಕು

ಇದೆಲ್ಲ ಹೊಸ ವಿದ್ಯೆ ಅಲ್ಲ. ಕಾರ್ಕಳದ ಸುಮಾರು 42 ಅಡಿಯ ಗೊಮ್ಮಟ 1432ರಲ್ಲಿ ವೀರ ಪಾಂಡ್ಯನ ಕಾಲದಲ್ಲಿ ಪ್ರತಿಷ್ಠೆಯಾದದ್ದು. ಇಡೀ ಮೂರ್ತಿ ಒಂದೇ ಕಲ್ಲು. ಅದನ್ನು ಕೆತ್ತಿದ ಉಳಿಗಳು ದಿನವೂ ಮೊಂಡಾಗಿರಬೇಕು, ಯಾರೋ ದಿನವೂ ಅವನ್ನು ಕಾಯಿಸಿ ಹದ ಮಾಡಿ ಕೊಟ್ಟಿರಬೇಕು. ಮೂರ್ತಿ ನೋಡುವಾಗ ಆ ಕುಲುಮೆ ನಮಗೆ ನೆನಪಾಗುವುದಿಲ್ಲ ಅಷ್ಟೇ. ದಕ್ಷಿಣ ಭಾರತದ ಉಕ್ಕು ಯುರೋಪಿನವರೆಗೂ ಹೋಗಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬವರು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಅದನ್ನು ವೂಟ್ಜ್ ಎಂದು ಕರೆದರು. ಆ ಹೆಸರು ನಮ್ಮ "ಉಕ್ಕು" ಪದದಿಂದಲೇ ಬಂದದ್ದು ಅಂತ ಹಲವು ವಿದ್ವಾಂಸರು ಹೇಳ್ತಾರೆ.

ಹಿಡಿ, ಹರಿತ, ಮತ್ತು ಕಾನೂನು

ಹಿಡಿಗೆ ಮರದ ಮಿಲ್ಲಿನಲ್ಲಿ ಸಿಗುವ ಹಲಸು ಅಥವಾ ತೇಗದ ತುಂಡು ಸಾಕು. ಎರಡು ಬದಿಗೆ ಎರಡು ಚಕ್ಕೆ, ನಡುವೆ ಎಪಾಕ್ಸಿ ಅಂಟು, ತೂತಿನಲ್ಲಿ ಹಿತ್ತಾಳೆ ಸರಳಿನ ಪಿನ್ನು. ಒಂದು ದಿನ ಕ್ಲ್ಯಾಂಪಿನಲ್ಲಿ ಬಿಗಿದಿಡಿ, ಆಮೇಲೆ ಕೈಗೆ ಹಿತವಾಗುವ ಹಾಗೆ ಉಜ್ಜಿ.

ಕೊನೆಗೆ ಸಾಣೆ. ಎರಡು ಬದಿಯ ಕಲ್ಲು ತಂದು, ಮೊದಲು ಒರಟು ಬದಿ, ಮತ್ತೆ ನಯ ಬದಿ. ಕೋನ 20 ಡಿಗ್ರಿಯ ಆಸುಪಾಸು, ಕಡೆಯವರೆಗೂ ಅದೇ ಇರಲಿ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ತೆಳು ಮುಳ್ಳು ಎದ್ದ ಹಾಗೆ ಬೆರಳಿಗೆ ತಾಗ್ತದೆ. ಆಗ ಬದಿ ಬದಲಿಸಿ. ಪರೀಕ್ಷೆಗೆ ಮನೆಗೆ ಬರುವ ಪೇಪರೇ ಸಾಕು, ಹರಿಯದೆ ಕತ್ತರಿಸಿದರೆ ಪಾಸು.

ಕಾಪುವಿನ ಉಪ್ಪುಗಾಳಿಗೆ ಇಂಥ ಚೂರಿ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಬಹುದು. ಬಳಸಿದ ಕೂಡಲೇ ತೊಳೆದು, ಒರೆಸಿ, ಒಂದು ಹನಿ ತೆಂಗಿನೆಣ್ಣೆ ಸವರಿ. ಅಲಗು ನಿಧಾನ ಬೂದುಗಪ್ಪಾಗ್ತದೆ, ಹೆದರಬೇಡಿ, ಅದು ತುಕ್ಕಲ್ಲ.

ಕಾನೂನಿನ ಮಾತೂ ಹೇಳಬೇಕು. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಮನೆಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗೆ ಮಾಡಿದ್ದಲ್ಲದಿದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಆಯುಧಪಟ್ಟಿಗೆ ಸೇರ್ತದೆ. ನಮ್ಮದು 4 ಇಂಚಿನ ಅಡುಗೆ ಚೂರಿ. ಆದರೂ ಬ್ಯಾಗಲ್ಲಿ ಹಾಕಿಕೊಂಡು ತಿರುಗುವ ವಸ್ತು ಅಲ್ಲ, ಹಾಸ್ಟೆಲ್ ರೂಮಲ್ಲಿ ಮಾಡುವ ಕೆಲಸವಂತೂ ಅಲ್ಲವೇ ಅಲ್ಲ.

ಕಳೆದ ವಾರ ಅಜ್ಜಿಗೆ ಕೊಟ್ಟೆ. ಮಟ್ಟುಗುಳ್ಳ ಒಂದನ್ನು ತೆಗೆದುಕೊಂಡು ಹೋಳು ಮಾಡಿದರು. ಹೋಳುಗಳು ಕಬ್ಬಿಣ ತಾಗಿ ಸ್ವಲ್ಪ ಕಪ್ಪಾದವು, ಹಳೆಯ ಬಿಸತ್ತಿಯಲ್ಲಿ ಆಗುವ ಹಾಗೆಯೇ. ಅವರು ಹೇಳಿದ್ದು ಒಂದೇ ಮಾತು: "ಬಾಯಿ ಉಂಟು. ಹಿಡಿ ದಪ್ಪ ಆಯಿತು."

ಹಾಗಾಗಿ ಈ ಭಾನುವಾರ ಮತ್ತೆ ಅರ ಹಿಡಿಯುವುದು ಉಂಟು. ನಿಮ್ಮ ಊರಲ್ಲಿ ಕುಲುಮೆ ಇದ್ದರೆ ಈ ವಾರ ಒಮ್ಮೆ ಹೋಗಿ, ಮನೆಯ ಮೊಂಡು ಕತ್ತಿ ತೆಗೆದುಕೊಂಡು ಹೋಗಿ ಹದ ಮಾಡಿಸಿ. ಆಚಾರ್ರು ಅದ್ದುವಾಗ ನೀರನ್ನು ನೋಡಬೇಡಿ, ಅವರ ಕಣ್ಣು ನೋಡಿ.