ಸಕಲೇಶಪುರದಲ್ಲಿ ‘ಹಿಮ ಬೀಳುವುದು’ ಎಂದರೇನು?

ಬೇಸಿಗೆಯ ಮಳೆಗೆ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳ ನೆಲ ಬೆಳ್ಳಗಾದರೆ ಸಾಕು, ‘ಮಲೆನಾಡಿನಲ್ಲಿ ಹಿಮಪಾತ’ ಎಂಬ ಮಾತು ಹರಿದಾಡುತ್ತದೆ. ಇದನ್ನು ನಂಬುವವರು ಊರಿನ ಆಡುಮಾತನ್ನೇ ಸಾಕ್ಷಿಗೆ ಕರೆಯುತ್ತಾರೆ: ‘ಹಿಮ ಬೀಳ್ತಿದೆ, ತಲೆಗೆ ಬಟ್ಟೆ ಸುತ್ಕೋ’ ಎಂದು ಹಿರಿಯರು ಹೇಳುತ್ತಿರಲಿಲ್ಲವೇ? ಹೇಳುತ್ತಿದ್ದರು, ಸರಿಯಾಗಿಯೇ ಹೇಳುತ್ತಿದ್ದರು. ಆದರೆ ಅವರ ಹಿಮ ಹಿಮಾಲಯದ್ದಲ್ಲ. ಸಂಸ್ಕೃತದಲ್ಲೂ ಹಿಮ ಎಂದರೆ ಮೊದಲು ಚಳಿ. ಹೇಮಂತ ಋತುವಿನ ಹೆಸರಿನಲ್ಲಿರುವುದೂ ಅದೇ. ಕಾಫಿ ಕೊಯ್ಲಿನ ಮಾರ್ಗಶಿರ, ಪುಷ್ಯಗಳಲ್ಲಿ ಕವಿಯುವ ಮಂಜನ್ನೂ ಎಲೆಯ ಮೇಲಿನ ಇಬ್ಬನಿಯನ್ನೂ ಮಲೆನಾಡು ಆ ಪದದಿಂದ ಕರೆಯಿತು. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಗೆ ಮಂಜರಾಬಾದ್ ಎಂಬ ಹೆಸರು ಬಂದದ್ದು ಮಂಜಿನಿಂದ ಎಂದು ಜನ ಹೇಳುವಾಗಲೂ ಅವರ ಮನಸ್ಸಿನಲ್ಲಿರುವುದು ಕಣಿವೆ ಮುಚ್ಚುವ ಈ ಮಂಜೇ.

ನಿಜ ಹೇಳಬೇಕೆಂದರೆ ಇಬ್ಬನಿ ಬೀಳುವುದೂ ಇಲ್ಲ. ರಾತ್ರಿ ಎಲೆ ತಣ್ಣಗಾದಾಗ ಗಾಳಿಯ ತೇವ ಅಲ್ಲೇ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ಗುಡ್ಡಗಳ ಮೇಲೆ ಕಾಣುವ ಮಂಜು ನೆಲಕ್ಕೆ ತಾಗಿದ ಮೋಡ. ಹಾಗಾದರೆ ನೆಲ ಬೆಳ್ಳಗಾಗಿಸಿದ್ದು ಯಾವುದು? ಆಲಿಕಲ್ಲು. ನಮ್ಮ ಅಕ್ಷಾಂಶದಲ್ಲಿ ನೀರು ಹೆಪ್ಪುಗಟ್ಟುವ ಎತ್ತರ ಸಮುದ್ರ ಮಟ್ಟದಿಂದ ಸುಮಾರು 5,000 ಮೀಟರ್. ಸಕಲೇಶಪುರ ಇರುವುದು ಸುಮಾರು 950 ಮೀಟರ್ ಎತ್ತರದಲ್ಲಿ; ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಮೋಡದಲ್ಲಿ ಹಿಮದ ಹರಳು ಹುಟ್ಟಿದರೂ ನಿಧಾನವಾಗಿ ಇಳಿಯುತ್ತಾ ಬೆಚ್ಚನೆಯ ಗಾಳಿಯಲ್ಲಿ ಕರಗಿ ಮಳೆಯಾಗುತ್ತದೆ. ಆಲಿಕಲ್ಲು ಹಾಗಲ್ಲ. ಮಧ್ಯಾಹ್ನದ ಕಾವಿಗೆ ಏಳುವ ಗಾಳಿ ನೀರ ಹನಿಗಳನ್ನು ಹೆಪ್ಪುಗಟ್ಟುವ ಎತ್ತರದಾಚೆಗೆ ಒಯ್ಯುತ್ತದೆ. ಅಲ್ಲಿ ಪದರ ಪದರವಾಗಿ ಬೆಳೆದ ಗಟ್ಟಿ ಗೆಡ್ಡೆ ಕರಗಲು ಪುರುಸೊತ್ತಿಲ್ಲದಷ್ಟು ವೇಗವಾಗಿ ಬೀಳುತ್ತದೆ. ಅದು ಬೀಳುವ ಕಾಲವೇ ದೊಡ್ಡ ಪುರಾವೆ. ಹಿಮವಾಗಿದ್ದರೆ ಜನವರಿಯ ಚಳಿಯಲ್ಲಿ ಬೀಳಬೇಕಿತ್ತು, ಏಪ್ರಿಲ್‌ನ ಸೆಕೆಯಲ್ಲಲ್ಲ.

ಊಟಿಯಲ್ಲಿ ಹುಲ್ಲು ಬೆಳ್ಳಗಾಗುವುದಿಲ್ಲವೇ ಎಂದು ಕೇಳಬಹುದು. 2,200 ಮೀಟರ್ ಎತ್ತರದ ಆ ಊರಿನಲ್ಲೂ ಅದು ಆಕಾಶದಿಂದ ಇಳಿದದ್ದಲ್ಲ. ಗಾಳಿಯ ತೇವ ಹುಲ್ಲಿನ ಮೇಲೆಯೇ ಹೆಪ್ಪುಗಟ್ಟಿದ್ದು. ಜನರ ಮಾತನ್ನೇಕೆ ತಿದ್ದಬೇಕು ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ತಿದ್ದಬೇಕಾದ್ದು ಆಡುಮಾತನ್ನಲ್ಲ, ಅದಕ್ಕೆ ಕಾಶ್ಮೀರದ ಅರ್ಥ ತುಂಬುವ ತಲೆಬರಹವನ್ನು. ಆ ತಲೆಬರಹ ಪ್ರವಾಸಿಗನಿಗೆ ಸಂಭ್ರಮ; ಹೂವು, ಎಳೆಗಾಯಿ ಉದುರಿ ಎಲೆ ಹರಿದುಹೋದ ಬೆಳೆಗಾರನಿಗೆ ಅದೇ ಆಲಿಕಲ್ಲು ನಷ್ಟ, ಮತ್ತು ‘ಹಿಮಪಾತ’ದ ಸಡಗರದಲ್ಲಿ ಆ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಕೃತಿ ವಿಕೋಪ ಪರಿಹಾರದ ಪಟ್ಟಿಯಲ್ಲಿ ಆಲಿಕಲ್ಲು ಮಳೆಗೆ ಪ್ರತ್ಯೇಕ ಸ್ಥಾನವಿದೆ. ಸುದ್ದಿ ಬರೆಯುವವರು ದಯವಿಟ್ಟು ಅದನ್ನು ಆಲಿಕಲ್ಲು ಎಂದೇ ಬರೆಯಲಿ.