ಗಾಳಿಯಿಂದ ಬಣ್ಣ ಹಚ್ಚುವ ಕುಂಚ

ಬೆಂಗಳೂರಿನಲ್ಲಿ ನಿರ್ಮಾಣಗೊಂಡ ಮಾರುತ್ ಯುದ್ಧವಿಮಾನವು ಮೊದಲ ಬಾರಿಗೆ ಹಾರಿದುದು 1961ರ ಜೂನ್ 17ರಂದು. ಅದರ ಉದ್ದ ಸುಮಾರು 16 ಮೀಟರ್. ಅದನ್ನು ಎಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಸಿ ಮಾದರಿಯನ್ನು ಮಾಡಿದರೆ ಉದ್ದ ಸುಮಾರು 22 ಸೆಂಟಿಮೀಟರ್ ಆಗುತ್ತದೆ. ಈ ಮಾದರಿಗೆ ಸಾಮಾನ್ಯ ಕುಂಚದಿಂದ ಬಣ್ಣ ಬಳಿದೆವೆನ್ನಿ. ಬಣ್ಣದ ಪದರ ಕೇವಲ 0.1 ಮಿಲಿಮೀಟರ್ ದಪ್ಪವಿದ್ದರೂ, ಅದು ನಿಜವಾದ ವಿಮಾನಕ್ಕೆ 7 ಮಿಲಿಮೀಟರಿಗೂ ಹೆಚ್ಚು ದಪ್ಪದ ಗಾರೆ ಮೆತ್ತಿದುದಕ್ಕೆ ಸಮ! ವಾರಗಟ್ಟಲೆ ಶ್ರಮಿಸಿ ಮೂಡಿಸಿದ ತಗಡಿನ ಗೆರೆಗಳೂ ರಿವೆಟ್ಟುಗಳೂ ಅದರಡಿಯಲ್ಲಿ ಹೂತುಹೋಗುತ್ತವೆ. ಮಾದರಿ ಕಿರಿದಾದಷ್ಟೂ ಬಣ್ಣ ತೆಳುವಾಗಬೇಕು. ಈ ಕೆಲಸಕ್ಕೆ ಒದಗುವ ಸಾಧನವೇ ಏರ್‌ಬ್ರಷ್. ಅದನ್ನು ವಾಯುಕುಂಚವೆಂದು ಕರೆಯೋಣ.

ಲೇಖನಿಯಂತೆ ಕೈಯಲ್ಲಿ ಹಿಡಿಯುವ ಈ ಉಪಕರಣದ ತುದಿಯಲ್ಲಿ ಒಂದು ಸೂಕ್ಷ್ಮವಾದ ಮೂತಿಯುಂಟು. ಅದರೊಳಗೆ ಚೂಪಾದ ಸೂಜಿಯೊಂದು ಕುಳಿತಿರುತ್ತದೆ. ಒತ್ತಡದ ಗಾಳಿ ಮೂತಿಯ ಸುತ್ತ ವೇಗವಾಗಿ ನುಗ್ಗಿದಾಗ ಅಲ್ಲಿನ ಒತ್ತಡ ಕುಗ್ಗುತ್ತದೆ. ಬಟ್ಟಲಿನಲ್ಲಿರುವ ಬಣ್ಣದ ಮೇಲೆ ವಾತಾವರಣದ ಒತ್ತಡವಾದರೋ ಎಂದಿನಂತೆಯೇ ಇರುತ್ತದೆ. ಆದ್ದರಿಂದ ಬಣ್ಣ ಮೂತಿಯತ್ತ ತಳ್ಳಲ್ಪಟ್ಟು, ಗಾಳಿಯ ಹೊಡೆತಕ್ಕೆ ಒಡೆದು ತುಂತುರಾಗುತ್ತದೆ. ಸೂಜಿಯನ್ನು ಹಿಂದಕ್ಕೆ ಎಳೆದಷ್ಟೂ ಮೂತಿಯ ಸಂದು ಹಿಗ್ಗಿ ಹೆಚ್ಚು ಬಣ್ಣ ಹೊರಡುತ್ತದೆ.

ಇನ್ನು ಆಯ್ಕೆಯ ವಿಚಾರ. ಗುಂಡಿಯನ್ನು ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ ಬರುವ ಬಗೆಯೇ ಸೂಕ್ಷ್ಮ ಕೆಲಸಕ್ಕೆ ಉತ್ತಮ. ಎರಡನ್ನೂ ಬೇರೆ ಬೇರೆಯಾಗಿ ಹತೋಟಿಯಲ್ಲಿಡಬಹುದು. ಬಟ್ಟಲು ಮೇಲ್ಭಾಗದಲ್ಲಿದ್ದರೆ ಬಣ್ಣ ತನ್ನ ಭಾರದಿಂದಲೂ ಇಳಿಯುವುದರಿಂದ ಕಡಮೆ ಒತ್ತಡವೇ ಸಾಕು. ಮೂತಿಯ ರಂಧ್ರ 0.2 ಮಿಲಿಮೀಟರಿನದಾಗಲಿ 0.5 ಮಿಲಿಮೀಟರಿನದಾಗಲಿ ಏನು ಮಹಾ ವ್ಯತ್ಯಾಸವೆಂದು ಕೇಳಬಹುದು. ವ್ಯಾಸ ಎರಡೂವರೆ ಪಟ್ಟಾದರೆ ರಂಧ್ರದ ವಿಸ್ತೀರ್ಣ ಆರು ಪಟ್ಟಿಗೂ ಹೆಚ್ಚಾಗುತ್ತದೆಯೆಂಬುದನ್ನು ಮರೆಯಬಾರದು. ಚಿಕ್ಕ ರಂಧ್ರ ಕೂದಲೆಳೆಯಂತಹ ಗೆರೆಯನ್ನು ಎಳೆಯುತ್ತದೆ. ಆದರೆ ಬೇಗನೆ ಕಟ್ಟಿಕೊಳ್ಳುತ್ತದೆ. ಹೊಸಬರಿಗೆ 0.3 ಮಿಲಿಮೀಟರೇ ತಕ್ಕುದು.

ಬಣ್ಣವನ್ನು ಹಾಲಿನಷ್ಟು ತೆಳುಮಾಡಿಕೊಂಡರೆ ಚದರ ಅಂಗುಲಕ್ಕೆ 15ರಿಂದ 20 ಪೌಂಡು ಒತ್ತಡ ಸಾಮಾನ್ಯವಾಗಿ ಸಾಕು. ಒತ್ತಿದಾಗ ಬಿಸಿಯಾದ ಗಾಳಿ ಕೊಳವೆಯಲ್ಲಿ ತಣಿದೊಡನೆ ಅದರಲ್ಲಿದ್ದ ನೀರಾವಿ ಹನಿಗೂಡುತ್ತದೆ. ಆ ಹನಿ ಮಾದರಿಯ ಮೇಲೆ ಸಿಡಿದರೆ ಕಲೆಯಾಗದಿರದು. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ನೀರನ್ನು ತಡೆಯುವ ಸೋಸುಕ ಅತ್ಯವಶ್ಯ.

ಕಳೆದ ವರ್ಷ ನಮ್ಮ ವಿದ್ಯಾರ್ಥಿಯೊಬ್ಬನು, ಬಹುದಿನ ಹಣ ಕೂಡಿಟ್ಟು ಕೊಂಡ ವಾಯುಕುಂಚವನ್ನು ನಮ್ಮಲ್ಲಿಗೆ ತಂದು, “ಇದು ಕೆಟ್ಟೇಹೋಯಿತು, ಸಾರ್” ಎಂದನು. ಗುಂಡಿ ಒತ್ತಿದರೆ ಬಣ್ಣ ಹೊರಡುವ ಬದಲು ಬಟ್ಟಲಿನಲ್ಲಿ ಗುಳ್ಳೆಗಳೇಳುತ್ತಿದ್ದುವು. ಗಾಳಿಗೆ ಮುಂದಿನ ದಾರಿ ಸರಿಯಿಲ್ಲದೆ ಹಿಂದಕ್ಕೆ ನುಗ್ಗುತ್ತಿದೆಯೆಂದು ಇದರಿಂದಲೇ ಊಹಿಸಬಹುದಲ್ಲವೆ? ಬಿಚ್ಚಿ ನೋಡಿದೆವು. ಮೂತಿ ಕೂರುವ ಎಡೆಯಲ್ಲಿ ಒಣಗಿದ ಬಣ್ಣದ ಹೆಕ್ಕಳೆಯೊಂದು ಅಡ್ಡವಾಗಿತ್ತು! ಅದನ್ನು ತೆಗೆದೊಡನೆ ಉಪಕರಣ ಮೊದಲಿನಂತಾಯಿತು. ಹುಡುಗನ ಮುಖವೂ ಅರಳಿತು.

ಈ ತೊಂದರೆಯನ್ನು ತಪ್ಪಿಸಲು ಹತ್ತು ನಿಮಿಷದ ಶಿಸ್ತು ಸಾಕು. ಬಣ್ಣ ಬದಲಾಯಿಸುವಾಗಲೆಲ್ಲ ಬಟ್ಟಲನ್ನು ಒರಸಿ, ಆ ಬಣ್ಣಕ್ಕೆ ಒಪ್ಪುವ ದ್ರಾವಕವನ್ನು ತಿಳಿಯಾಗುವವರೆಗೆ ಸಿಂಪಡಿಸಿರಿ. ಕೆಲಸ ಮುಗಿದ ಮೇಲೆ ಸೂಜಿಯನ್ನು ಹಿಂಬದಿಯಿಂದ ಹೊರತೆಗೆದು, ಬುಡದಿಂದ ಮೊನೆಯ ಕಡೆಗೆ ತಿರುಗಿಸುತ್ತ ಮೆತ್ತಗೆ ಒರಸಿರಿ. ಮೊನೆ ಬಾಗಿದರೆ ತುಂತುರು ಓರೆಯಾಗಿ ಹೊರಡುತ್ತದೆ. ಮರಳಿ ಸೇರಿಸುವಾಗ ಬಲ ಹಾಕಬಾರದು; ಮೂತಿ ಸೀಳಿಹೋದೀತು. ಉಪಕರಣವನ್ನು ಇಡಿಯಾಗಿ ದ್ರಾವಕದಲ್ಲಿ ನೆನೆಹಾಕಲೂ ಬಾರದು. ಒಳಗಿನ ರಬ್ಬರು ಬಳೆಗಳು ಉಬ್ಬಿ ಕೆಡಬಹುದು.

ಇನ್ನೊಂದು ಎಚ್ಚರಿಕೆ: ಕಣ್ಣಿಗೆ ಕಾಣದ ತುಂತುರು ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿಯಬಲ್ಲುದು. ದ್ರಾವಕಗಳಲ್ಲಿ ಅನೇಕವು ಬೇಗ ಬೆಂಕಿ ಹತ್ತುವಂತಹವು. ಆದಕಾರಣ ಗಾಳಿಯಾಡುವ ಎಡೆಯಲ್ಲಿ, ದೀಪ ಒಲೆಗಳಿಂದ ದೂರದಲ್ಲಿ, ತಕ್ಕ ಮುಖವಾಡವನ್ನು ಧರಿಸಿಯೇ ಕೆಲಸಮಾಡತಕ್ಕದ್ದು.

ಕೊಳ್ಳುವಾಗ ಬೆಲೆಯನ್ನು ನೋಡುವುದು ಸಹಜ. ಆದರೆ ಹೆಚ್ಚು ಬೆಲೆಯ ಮೂತಿಯೂ ಒಂದು ರಾತ್ರಿ ತೊಳೆಯದೆ ಬಿಟ್ಟರೆ ಕಟ್ಟಿಕೊಳ್ಳಬಹುದು. ಸಾಧಾರಣವಾದುದು ಶುಚಿಯಾಗಿದ್ದರೆ ವರ್ಷಗಟ್ಟಲೆ ದುಡಿಯಬಲ್ಲುದು. ಉಪಕರಣ ಏತಕ್ಕೆ ಹಾಗೆ ವರ್ತಿಸುತ್ತದೆಂದು ತಿಳಿದವನು ಅದನ್ನು ಬಿಸಾಡುವುದಿಲ್ಲ, ಬಿಚ್ಚಿ ನೋಡುತ್ತಾನೆ.