ಸಯಾಮಿ ಬೆಕ್ಕು

ಸಯಾಮಿ ಬೆಕ್ಕಿನ ಮರಿಗಳು ಹುಟ್ಟುವಾಗ ಬೆಳ್ಳಗಿರುತ್ತವೆ. ತಾಯಿಯ ಮುಖದಲ್ಲಿಯೂ ಬಾಲದಲ್ಲಿಯೂ ಎದ್ದು ಕಾಣುವ ಕಪ್ಪು ಗುರುತುಗಳಲ್ಲಿ ಒಂದಾದರೂ ಅವುಗಳ ಮೈಮೇಲೆ ಇರುವುದಿಲ್ಲ. ದಿನಗಳು ಕಳೆದಂತೆ ಕಿವಿಗಳ ಅಂಚಿನಲ್ಲಿ ನಸುಗಪ್ಪು ಛಾಯೆಯೊಂದು ಮೂಡುತ್ತದೆ. ಅನಂತರ ಮೂಗು, ಬಾಲ, ಪಾದಗಳು ಕ್ರಮವಾಗಿ ಕಪ್ಪಾಗುತ್ತವೆ. ಒಲೆಯ ಬೂದಿಯಲ್ಲಿ ಮಲಗಿ ಎದ್ದ ಬೆಕ್ಕಿಗೆ ಮಸಿ ಅಂಟಿದಂತೆ ಅದು ಕಾಣುತ್ತದೆ. ಆದರೆ ತೊಳೆದರೆ ಹೋಗುವ ಮಸಿ ಅದಲ್ಲ. ಹುಟ್ಟುವಾಗ ಇಲ್ಲದ ಈ ಬಣ್ಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಬಹುಕಾಲ ಯಾರಿಗೂ ಉತ್ತರ ತಿಳಿದಿರಲಿಲ್ಲ.

ಈ ತಳಿಯ ತವರು ಸಯಾಂ ದೇಶ. 1939ರಲ್ಲಿ ಆ ದೇಶವು ಥಾಯ್ಲೆಂಡ್ ಎಂಬ ಹೆಸರನ್ನು ತಳೆಯಿತು. ಪ್ರಪಂಚದ ಸಾಕುಬೆಕ್ಕುಗಳೆಲ್ಲವೂ ಪಶ್ಚಿಮ ಏಷ್ಯ ಮತ್ತು ಉತ್ತರ ಆಫ್ರಿಕದ ಕಾಡುಬೆಕ್ಕಿನ ಸಂತತಿಯವು. ಮನುಷ್ಯರೊಡನೆ ನಾಡಿನಿಂದ ನಾಡಿಗೆ ಹರಡಿದ ಅವು ಸಯಾಮನ್ನು ಸೇರಿದ ಮೇಲೆ ಅಲ್ಲಿ ಹಲವು ಬಗೆಯ ಬೆಕ್ಕುಗಳು ರೂಪುಗೊಂಡವು. ಬೆಕ್ಕುಗಳ ಲಕ್ಷಣಗಳನ್ನು ಪದ್ಯಗಳಲ್ಲಿಯೂ ಚಿತ್ರಗಳಲ್ಲಿಯೂ ವರ್ಣಿಸುವ ‘ತಮ್ರಾ ಮೇವ್’ ಎಂಬ ಹಸ್ತಪ್ರತಿಗಳು ಆ ದೇಶದಲ್ಲಿವೆ. ಯಾವ ಬೆಕ್ಕು ಮನೆಗೆ ಶುಭ, ಯಾವುದು ಅಶುಭ ಎಂಬುದನ್ನು ಅವು ವಿವರಿಸುತ್ತವೆ. ಈಗ ಉಳಿದಿರುವ ಪ್ರತಿಗಳು ಹತ್ತೊಂಬತ್ತನೆಯ ಶತಮಾನದವಾದರೂ, ಈ ಪರಂಪರೆ 1767ರಲ್ಲಿ ಪತನಗೊಂಡ ಅಯುತ್ಥಯ ರಾಜ್ಯದ ಕಾಲದಿಂದ ಬಂದುದೆಂದು ವಿದ್ವಾಂಸರು ಭಾವಿಸುತ್ತಾರೆ. ಬಿಳುಪಾದ ಮೈಯೂ ಕಪ್ಪಾದ ಮುಖ, ಕಿವಿ, ಬಾಲ, ಪಾದಗಳೂ ಉಳ್ಳ ಬೆಕ್ಕನ್ನು ಇವು ‘ವಿಚಿಯನ್‌ಮಾತ್’ ಎಂದು ಕರೆದು ಶುಭಬೆಕ್ಕುಗಳ ಸಾಲಿನಲ್ಲಿ ಸೇರಿಸಿವೆ. ಪಶ್ಚಿಮದವರು ಸಯಾಮಿ ಎಂದು ಕರೆದದ್ದು ಇದನ್ನೇ.

1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ ಬೆಕ್ಕುಗಳ ದೊಡ್ಡ ಪ್ರದರ್ಶನವೊಂದು ನಡೆಯಿತು. ಅಲ್ಲಿಗೆ ಬಂದ ಸಯಾಮಿ ಬೆಕ್ಕನ್ನು ಕಂಡು ಕೆಲವರು ಬೆರಗಾದರು. ದುಃಸ್ವಪ್ನದಲ್ಲಿ ಕಾಣುವಂಥ ಪ್ರಾಣಿಯೆಂದು ಹಳಿದವರೂ ಇದ್ದರು. 1878ರಲ್ಲಿ ಬ್ಯಾಂಕಾಕಿನಲ್ಲಿದ್ದ ಅಮೆರಿಕದ ರಾಜಪ್ರತಿನಿಧಿ ಡೇವಿಡ್ ಸಿಕಲ್ಸ್ ತಮ್ಮ ದೇಶದ ಅಧ್ಯಕ್ಷರಾದ ಹೇಸ್ ಅವರ ಪತ್ನಿಗೆ ಇಂಥ ಬೆಕ್ಕೊಂದನ್ನು ಉಡುಗೊರೆಯಾಗಿ ಕಳುಹಿಸಿದರು. ‘ಸಯಾಂ’ ಎಂಬ ಹೆಸರು ಪಡೆದು ಎಲ್ಲರ ಅಕ್ಕರೆಗೆ ಪಾತ್ರವಾದ ಅದು, ವೈದ್ಯರ ಆರೈಕೆ ದೊರೆತರೂ 1879ರಲ್ಲಿ ಕಾಯಿಲೆಯಿಂದ ಅಸುನೀಗಿತು. 1884ರಲ್ಲಿ ಬ್ರಿಟಿಷ್ ಅಧಿಕಾರಿ ಗೌಲ್ಡ್ ಎಂಬುವರು ಬ್ಯಾಂಕಾಕಿನಿಂದ ಒಂದು ಜೋಡಿ ಬೆಕ್ಕುಗಳನ್ನು ತಮ್ಮ ಸೋದರಿಗಾಗಿ ಇಂಗ್ಲೆಂಡಿಗೆ ತಂದರು. ಅವುಗಳ ಮೂರು ಮರಿಗಳು ಮರುವರ್ಷದ ಪ್ರದರ್ಶನದಲ್ಲಿ ಕಾಣಿಸಿಕೊಂಡವು. ಆದರೆ ಸ್ವಲ್ಪ ಕಾಲದಲ್ಲಿಯೇ ಸತ್ತುಹೋದವು. ಹೀಗೆ ಹಲವು ಬೆಕ್ಕುಗಳನ್ನು ಕಳೆದುಕೊಂಡ ಬಳಿಕವೇ ಈ ತಳಿ ಹೊಸ ನೆಲದಲ್ಲಿ ಬೇರೂರಿತು. 1901ರಲ್ಲಿ ಇಂಗ್ಲೆಂಡಿನಲ್ಲಿ ಸಯಾಮಿ ಬೆಕ್ಕುಗಳಿಗೆಂದೇ ಒಂದು ಸಂಘ ಸ್ಥಾಪನೆಯಾಯಿತು.

ಆಗಿನ ಸಯಾಮಿ ಬೆಕ್ಕುಗಳಲ್ಲಿ ಹಲವಕ್ಕೆ ಮೆಳ್ಳಗಣ್ಣು ಇತ್ತು. ಬಾಲದ ತುದಿ ಸೊಟ್ಟಗಿತ್ತು. ಇವಕ್ಕೆ ಕಾರಣ ಹೇಳುವ ಸೊಗಸಾದ ಕಥೆಗಳು ಹುಟ್ಟಿಕೊಂಡವು. ರಾಜಕುಮಾರಿಯರು ಸ್ನಾನಕ್ಕೆ ಇಳಿಯುವಾಗ ತಮ್ಮ ಉಂಗುರಗಳನ್ನು ಬೆಕ್ಕಿನ ಬಾಲಕ್ಕೆ ತೊಡಿಸುತ್ತಿದ್ದರಂತೆ; ಉಂಗುರಗಳು ಜಾರದಿರಲೆಂದು ಬೆಕ್ಕು ತನ್ನ ಬಾಲದ ತುದಿಯನ್ನು ಮಡಿಸಿಕೊಂಡಿತಂತೆ. ಅಮೂಲ್ಯವಾದ ಪಾತ್ರೆಯೊಂದನ್ನು ಎವೆಯಿಕ್ಕದೆ ಕಾಯ್ದುದರಿಂದ ಅದರ ಕಣ್ಣು ಮೆಳ್ಳಗಾಯಿತಂತೆ. ಕಥೆಗಳು ರಮ್ಯವಾಗಿವೆ. ಆದರೆ ವಿಜ್ಞಾನವು ಕಂಡುಕೊಂಡ ಕಾರಣ ಅವುಗಳಿಗಿಂತಲೂ ವಿಸ್ಮಯಕರವಾದುದು.

ಪ್ರಾಣಿಗಳ ಕೂದಲಿಗೆ ಕಪ್ಪು ಬಣ್ಣ ಕೊಡುವ ವಸ್ತು ಮೆಲನಿನ್. ಅದು ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಸಯಾಮಿ ಬೆಕ್ಕಿನಲ್ಲಿ ಈ ಕಿಣ್ವವನ್ನು ರೂಪಿಸುವ ಜೀನಿನಲ್ಲಿ ಒಂದು ಸಣ್ಣ ಮಾರ್ಪಾಟು ಆಗಿದೆ. ಅದರ ಫಲವಾಗಿ ಕಿಣ್ವವು ಮೈಯ ಬೆಚ್ಚನೆಯ ಭಾಗಗಳಲ್ಲಿ ಕೆಲಸ ಮಾಡಲಾರದು. ತಂಪಾದ ಭಾಗಗಳಲ್ಲಿ ಮಾತ್ರ ಮಾಡಬಲ್ಲುದು. ಬೆಕ್ಕಿನ ದೇಹದ ಉಷ್ಣತೆ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಕಿವಿ, ಮೂಗು, ಪಾದ, ಬಾಲಗಳ ಚರ್ಮವು ಅದಕ್ಕಿಂತ ತಂಪಾಗಿರುತ್ತದೆ. ಆದುದರಿಂದ ಅಲ್ಲಿ ಕಪ್ಪು ಮೂಡುತ್ತದೆ. ಉಳಿದ ಮೈ ಕೆನೆಬಣ್ಣದ್ದಾಗಿಯೇ ಉಳಿಯುತ್ತದೆ. ತಾಯಿಯ ಗರ್ಭದಲ್ಲಿ ಮರಿಯ ಮೈಯೆಲ್ಲ ಒಂದೇ ಸಮನೆ ಬೆಚ್ಚಗಿರುವುದರಿಂದ ಅದು ಬಿಳಿಯಾಗಿ ಹುಟ್ಟುತ್ತದೆ. ರಷ್ಯದ ವಿಜ್ಞಾನಿ ಇಲ್ಯಿನ್ ಅವರು ಬೆಕ್ಕಿನ ಮೈಯ ಕೂದಲನ್ನು ಬೋಳಿಸಿ ನಡೆಸಿದ ಪ್ರಯೋಗಗಳ ವಿವರ 1930ರಲ್ಲಿ ಪ್ರಕಟವಾಯಿತು. ತಂಪಿನಲ್ಲಿ ಮತ್ತೆ ಬೆಳೆದ ಕೂದಲು ಕಪ್ಪಾಗಿತ್ತು. ಹೀಗೆ ಸಯಾಮಿ ಬೆಕ್ಕಿನ ಬಣ್ಣವು ಅದರ ಮೈಯ ಶಾಖವನ್ನು ಗುರುತಿಸಿದ ಒಂದು ಭೂಪಟದಂತಿದೆ.

ಕಣ್ಣಿನ ನೀಲಿಗೂ ಬಣ್ಣದ ಈ ಕೊರತೆಯೇ ಕಾರಣ. ಅಲ್ಲಿ ನೀಲಿಯ ದ್ರವ್ಯವೇನೂ ಇಲ್ಲ. ಆಕಾಶದಂತೆಯೇ, ಚದುರಿದ ಬೆಳಕು ಅದನ್ನು ನೀಲಿಯಾಗಿ ತೋರಿಸುತ್ತದೆ. ಆದರೆ ಕೊರತೆಯ ಪರಿಣಾಮ ಇಷ್ಟಕ್ಕೇ ನಿಲ್ಲುವುದಿಲ್ಲ. ಭ್ರೂಣದ ಕಣ್ಣಿನಲ್ಲಿ ವರ್ಣದ್ರವ್ಯವು ಸಾಕಷ್ಟು ಇಲ್ಲದಿದ್ದರೆ, ಕಣ್ಣಿನಿಂದ ಮಿದುಳಿಗೆ ಸಾಗುವ ನರತಂತುಗಳಲ್ಲಿ ಕೆಲವು ದಾರಿ ತಪ್ಪಿ ಎದುರು ಪಕ್ಕವನ್ನು ಸೇರುತ್ತವೆ. 1969ರಲ್ಲಿ ಗಿಲರಿ ಎಂಬ ವಿಜ್ಞಾನಿ ಸಯಾಮಿ ಬೆಕ್ಕಿನಲ್ಲಿ ಇದನ್ನು ತೋರಿಸಿಕೊಟ್ಟರು. ಮೆಳ್ಳಗಣ್ಣಿಗೂ ಈ ದೋಷಕ್ಕೂ ಸಂಬಂಧವಿದೆ. ತಳಿಗಾರರು ಮೆಳ್ಳಗಣ್ಣಿನ ಬೆಕ್ಕುಗಳನ್ನು ಬದಿಗಿರಿಸಿ ನೇರನೋಟದವುಗಳನ್ನೇ ಆರಿಸುತ್ತ ಬಂದರು. ಅದರಿಂದ ಹೊರಗೆ ಕಾಣುವ ದೋಷ ಕಡಿಮೆಯಾಯಿತು. ಒಳಗಿನ ನರಗಳ ದಾರಿ ಮಾತ್ರ ಹಾಗೆಯೇ ಉಳಿಯಿತು.

ಸಯಾಮಿ ಬೆಕ್ಕಿನ ತುಪ್ಪಳ ಗಿಡ್ಡ, ನಯ. ಮೈಗೆ ಅಂಟಿದಂತೆ ಇರುತ್ತದೆ. ಅದರ ಸ್ವಭಾವವೂ ವಿಶಿಷ್ಟವಾದುದು. ಒಂಟಿಯಾಗಿ ಮೂಲೆಯಲ್ಲಿ ಮಲಗಿರುವುದು ಅದಕ್ಕೆ ಹಿಡಿಸದು. ಸಾಕಿದವರನ್ನು ಕೋಣೆಯಿಂದ ಕೋಣೆಗೆ ಹಿಂಬಾಲಿಸುತ್ತದೆ. ಗಟ್ಟಿಯಾದ ಒರಟು ದನಿಯಲ್ಲಿ ಏನನ್ನೋ ಹೇಳುವಂತೆ ಕೂಗುತ್ತದೆ. ಅದರ ಕೂಗು ಎಳೆಮಗುವಿನ ಅಳುವಿನಂತೆ ಕೇಳುತ್ತದೆಂದು ಹಲವರು ಹೇಳುವುದುಂಟು. ಚುರುಕು ಬುದ್ಧಿಯ ಈ ಪ್ರಾಣಿ ಬಾಗಿಲ ಹಿಡಿಯನ್ನು ಒತ್ತಿ ತೆರೆಯುವಂಥ ಕೆಲಸಗಳನ್ನೂ ಕಲಿಯಬಲ್ಲುದು. ಆದರೆ ದಿನವಿಡೀ ಜನರಿಲ್ಲದ ಮನೆಯಲ್ಲಿ ಬಿಟ್ಟರೆ ಅದು ಸೊರಗುತ್ತದೆ. ಬರಿಯ ಅಂದಕ್ಕಾಗಿ ಇದನ್ನು ತರುವವರು ಈ ಗುಣವನ್ನು ಮರೆಯಬಾರದು.

ಅಂದದ ಹಂಬಲವು ಈ ತಳಿಗೆ ಇನ್ನೊಂದು ಬಗೆಯ ತೊಂದರೆಯನ್ನೂ ತಂದಿತು. ಹಳೆಯ ಸಯಾಮಿ ಬೆಕ್ಕಿನ ಮುಖ ದುಂಡಾಗಿತ್ತು; ಮೈ ತಕ್ಕಮಟ್ಟಿಗೆ ತುಂಬಿಕೊಂಡಿತ್ತು. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಪ್ರದರ್ಶನಗಳ ತೀರ್ಪುಗಾರರು ನೀಳವಾದ ಮೈ, ಬೆಣೆಯಂಥ ಮುಖ, ಅಗಲವಾದ ಕಿವಿಗಳನ್ನು ಮೆಚ್ಚತೊಡಗಿದರು. ಬಹುಮಾನ ಪಡೆದ ಬೆಕ್ಕುಗಳಿಗೆ ಹೆಚ್ಚು ಮರಿಗಳಾದವು. ಹತ್ತಿರದ ಸಂಬಂಧಿಗಳಲ್ಲಿಯೇ ಕೂಡಿಕೆ ನಡೆಯಿತು. ಕೆಲವೇ ತಲೆಮಾರುಗಳಲ್ಲಿ ತಳಿಯ ರೂಪವೇ ಬದಲಾಯಿತು. ದೃಷ್ಟಿಯನ್ನು ಕ್ರಮೇಣ ಕುಂದಿಸುವ ಅಕ್ಷಿಪಟಲದ ರೋಗದಂಥ ಆನುವಂಶಿಕ ಕಾಯಿಲೆಗಳು ಈ ತಳಿಯಲ್ಲಿ ಕಂಡುಬಂದಿವೆ. ಇದನ್ನು ಕಂಡು ಕೆಲವರು ಹಳೆಯ ರೂಪದ ಬೆಕ್ಕುಗಳನ್ನು ಉಳಿಸಲು ಮುಂದಾದರು. ಅವು ಈಗ ಹಲವೆಡೆ ‘ಥಾಯ್’ ಎಂಬ ಹೆಸರಿನಿಂದ ಪ್ರತ್ಯೇಕ ತಳಿಯಾಗಿ ಮನ್ನಣೆ ಪಡೆದಿವೆ. ಮರಿಗಳಿಗೆ ಕುರುಡುತನ ಬಾರದಂತೆ, ಕೂಡಿಕೆಗೆ ಮೊದಲೇ ತಂದೆತಾಯಿಗಳ ಜೀನುಗಳನ್ನು ಪರೀಕ್ಷಿಸುವ ವಿಧಾನವೂ ಬಳಕೆಗೆ ಬಂದಿದೆ.

ಒಂದು ಸಣ್ಣ ಜೀನಿನ ಮಾರ್ಪಾಟನ್ನು ಸಯಾಮಿನ ಜನ ಶುಭವೆಂದು ಭಾವಿಸಿ ಕಾಪಾಡಿದರು. ಪಶ್ಚಿಮದವರು ಸೌಂದರ್ಯವೆಂದು ಮೆಚ್ಚಿ ಬೆಳೆಸಿದರು. ಎರಡು ಕಡೆಯೂ ಆಯ್ಕೆ ಮಾಡಿದವನು ಮನುಷ್ಯ. ಅದರ ಫಲವನ್ನು ಮೈಯಲ್ಲಿ ಹೊತ್ತದ್ದು ಮಾತ್ರ ಮೂಕಪ್ರಾಣಿ. ಯಾವ ಬೆಕ್ಕಿಗೆ ಮರಿಗಳಾಗಬೇಕೆಂದು ನಿರ್ಧರಿಸುವ ಅಧಿಕಾರವನ್ನು ಕೈಗೆ ತೆಗೆದುಕೊಂಡವನು, ಆ ಮರಿಗಳು ಕಣ್ತುಂಬ ನೋಡಿ, ಸಲೀಸಾಗಿ ಉಸಿರಾಡಿ, ನೋವಿಲ್ಲದೆ ಬಾಳುವಂತೆ ನೋಡಿಕೊಳ್ಳುವ ಹೊಣೆಯನ್ನೂ ಹೊರಬೇಕಾಗುತ್ತದೆ.